ನಿಲ್ಲುವ ಹೊತ್ತಿಗೆ ಅದುರುವ ಬ್ರೇಕ್

ಪ್ರಶ್ನೆ: ಹಳೆಯ ಪಿಕಪ್‌ನಲ್ಲಿ ಮೈಸೂರಿನ ಬಂಡಿಪಾಳ್ಯ ಮಾರುಕಟ್ಟೆಗೆ ತರಕಾರಿ ಸಾಗಿಸುತ್ತೇನೆ. ಗಾಡಿ ಇನ್ನೇನು ನಿಲ್ಲಬೇಕೆನ್ನುವಾಗ ಬ್ರೇಕ್ ಪೆಡಲ್ ಗಡಗಡನೆ ಅದುರುತ್ತದೆ. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ವ್ಯವಸ್ಥೆ) ದೀಪವೂ ಆಗಾಗ ಹೊತ್ತಿಕೊಳ್ಳುತ್ತದೆ. ಎಬಿಎಸ್ ಘಟಕವನ್ನೇ ಬದಲಿಸಬೇಕೆಂದು ಮೆಕ್ಯಾನಿಕ್ ಹೇಳುತ್ತಾರೆ. ಅದು ಅಗತ್ಯವೇ?
– ಓದುಗರು, ಪಾಂಡವಪುರ

ಉತ್ತರ: ಅಷ್ಟು ದುಬಾರಿ ಕೆಲಸಕ್ಕೆ ಈಗಲೇ ಕೈಹಾಕಬೇಡಿ. ನೀವು ವಿವರಿಸಿದ ಲಕ್ಷಣವು ಬಹುಮಟ್ಟಿಗೆ ಚಕ್ರದ ವೇಗವನ್ನು ಅಳೆಯುವ ಸೆನ್ಸರಿನತ್ತ ಬೆರಳು ತೋರಿಸುತ್ತದೆ. ಸೆನ್ಸರ್ ಕೂರುವ ಜಾಗದಲ್ಲಿ ತುಕ್ಕು ಬೆಳೆದು ಅದನ್ನು ಚಕ್ರದೊಡನೆ ತಿರುಗುವ ಹಲ್ಲಿನ ಉಂಗುರದಿಂದ ದೂರಕ್ಕೆ ತಳ್ಳಿದರೆ, ನಿಧಾನಗತಿಯಲ್ಲಿ ಸಂಕೇತ ಕ್ಷೀಣಿಸಿ, ಚಕ್ರ ಜಾರುತ್ತಿದೆಯೆಂದು ತಪ್ಪಾಗಿ ತಿಳಿದ ಎಬಿಎಸ್ ಅನಗತ್ಯವಾಗಿ ಕೆಲಸಕ್ಕಿಳಿಯುತ್ತದೆ. ನಾಲೆ ಏರಿಯ ಕೆಸರಿನಲ್ಲಿ ಓಡಾಡುವ ಗಾಡಿಗಳಲ್ಲಿ ಇದು ಅಚ್ಚರಿಯ ಸಂಗತಿಯೇನಲ್ಲ.

ಮೊದಲು ಖಾಲಿ ರಸ್ತೆಯಲ್ಲಿ, ಎಬಿಎಸ್ ಫ್ಯೂಸ್ ತೆಗೆದು, ಮೆಲ್ಲಗೆ ಓಡಿಸಿ ನೋಡಿ: ಅದುರುವಿಕೆ ನಿಂತರೆ ದೋಷ ಎಬಿಎಸ್‌ನದು, ಮುಂದುವರಿದರೆ ಬ್ರೇಕ್ ಡಿಸ್ಕ್ ಅಥವಾ ಡ್ರಮ್‌ನದು. ಪರೀಕ್ಷೆಯ ನಂತರ ಫ್ಯೂಸನ್ನು ಮರಳಿ ಹಾಕಲು ಮರೆಯದಿರಿ. ಬಳಿಕ ಎಬಿಎಸ್‌ನ ದೋಷ ಸೂಚಿಸುವ ಕೋಡ್ ಓದಬಲ್ಲ ಸ್ಕ್ಯಾನರ್ ಹಾಕಿಸಿ. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ಸಾಧನ ಸಾಲದು. ಗಾಡಿ ನಿಲ್ಲುವಾಗ ಸ್ಕ್ಯಾನರಿನಲ್ಲಿ ಯಾವ ಚಕ್ರದ ವೇಗ ಉಳಿದವುಗಳಿಗಿಂತ ಮೊದಲೇ ಸೊನ್ನೆಗಿಳಿಯುತ್ತದೋ ಅಲ್ಲಿಯೇ ಸೆನ್ಸರ್ ಬಿಚ್ಚಿ, ತುಕ್ಕು ಉಜ್ಜಿ, ಉಂಗುರದಲ್ಲಿ ಬಿರುಕಿದೆಯೇ, ವೈರು ಸವೆದಿದೆಯೇ ಎಂದು ಪರೀಕ್ಷಿಸಿರಿ.

ಎಬಿಎಸ್ ದೀಪವೊಂದೇ ಹೊತ್ತಿದ್ದರೆ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ. ಜೊತೆಗೆ ಕೆಂಪು ಬ್ರೇಕ್ ದೀಪವೂ ಹೊತ್ತಿದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ, ಬ್ರೇಕ್ ಆಯಿಲ್ ನೋಡಿರಿ.