ಥೇಟರಿನ ಬೆನ್ನು ಯಾಕೆ ಅಷ್ಟು ಆಳ?

ಪ್ರಶ್ನೆ: ಗದಗಿನ ನಮ್ಮ ಓಣಿಯ ಹಳೇ ಥೇಟರು ಈಗ ಕಲ್ಯಾಣ ಮಂಟಪ. ಸಿನಿಮಾ ಪರದೆ ಇದ್ದ ಜಾಗದ ಹಿಂದೆ ಅಷ್ಟು ಆಳ ಯಾಕಿದೆ? ಸಿನಿಮಾಕ್ಕೆ ಒಂದು ಗೋಡೆ ಸಾಕಲ್ವಾ?

ಉತ್ತರ: ಸಾಕು. ಆದರೆ ಅದು ಕಂಪನಿ ನಾಟಕದ ರಂಗ ಇದ್ದಿರಬೇಕು. ಅರಮನೆ, ಕಾಡು, ಬೀದಿ ಬರೆದ ಪರದೆಗಳು ಒಂದರ ಹಿಂದೊಂದು ಇಳಿಯಬೇಕಿತ್ತು. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ನಿಮ್ಮೂರಿನದೇ ಅಲ್ವಾ? 1934ರಲ್ಲಿ ಕನ್ನಡ ಟಾಕಿ, ಅಂದರೆ ಮಾತಾಡುವ ಸಿನಿಮಾ ಬಂತು. ಆಮೇಲೆ ಇಂಥ ಎಷ್ಟೋ ರಂಗಗಳಲ್ಲಿ ಬಿಳಿ ಪರದೆ ಬಿತ್ತು.

ಹುಬ್ಬಳ್ಳಿಯಲ್ಲಿ ಇಂಥದ್ದೇ ಒಂದು ಮಂಟಪಕ್ಕೆ ಮದುವೆಗೆ ಹೋಗಿದ್ದೆ. ಊಟ ಬಿಟ್ಟು ಸುಮ್ನೆ ಮೇಲೆ ನೋಡಿದೆ. ಪರದೆ ಎಳೆಯುವ ಕಟ್ಟಿಗೆ ಗಡಗಡಿ ಇನ್ನೂ ತೊಲೆಯಲ್ಲೇ ಇತ್ತು. ಅದಕ್ಕೆ ಚೆಂಡುಹೂವಿನ ಮಾಲೆ ಕಟ್ಟಿದ್ದರು. ನಿಮ್ಮಲ್ಲೂ ಒಮ್ಮೆ ತಲೆ ಎತ್ತಿ ನೋಡಿ.