ಲಾರಿಯ ಮೈಮೇಲೆ ಕಾರ್ಖಾನೆಯ ಹೆಸರು, ಬಾಗಿಲ ಮೂಲೆಯಲ್ಲಿ ಮಾಲೀಕನದು

ಬ್ರಿಟನ್ನಿನ 1950ರ ದಶಕದ ಚಿತ್ರವೊಂದರಲ್ಲಿ ಲಾರಿಯ ಮೈತುಂಬ ಇಟ್ಟಿಗೆ ಕಾರ್ಖಾನೆಯ ಹೆಸರಿದ್ದು, ಬಾಗಿಲ ಮೂಲೆಯಲ್ಲಿ ಮಾತ್ರ ಬೇರೆಯವರ ಹೆಸರು ಪುಟ್ಟದಾಗಿ ಇರುವುದೇಕೆ ಎಂದು ಕೇಳಿದ್ದೀರಿ. ಲಾರಿ ಬಹುಶಃ ಆ ಪುಟ್ಟ ಅಕ್ಷರದ ಹೆಸರಿನವರದೇ. ಹಳೆಯ ಲಾರಿಯ ಚಿತ್ರ ಸಿಕ್ಕರೆ ನಾನು ಮೊದಲು ನೋಡುವುದೇ ಆ ಬಾಗಿಲನ್ನು.

ಮೊದಲ ಮಹಾಯುದ್ಧ ಮುಗಿದ ಮೇಲೆ ಸೇನೆ ಮಾರಿದ ಲಾರಿಗಳನ್ನು ಕೊಂಡು ಎಷ್ಟೋ ಮಂದಿ ಬಾಡಿಗೆ ಸಾಗಣೆಗೆ ಇಳಿದರು. ಪೈಪೋಟಿಯಲ್ಲಿ ಬಾಡಿಗೆ ದರ ಕುಸಿಯಿತು, ರೈಲ್ವೆ ಕಂಪನಿಗಳು ದೂರಿದವು. ಆಗ ಬಂದದ್ದು 1933ರ ರಸ್ತೆ ಮತ್ತು ರೈಲು ಸಂಚಾರ ಕಾಯ್ದೆ. ಯಾರ ಸರಕನ್ನಾದರೂ ಬಾಡಿಗೆಗೆ ಒಯ್ಯುವವರಿಗೆ ಎ ಪರವಾನಗಿ, ಸ್ವಂತ ಸರಕಿನ ಜೊತೆಗೆ ಷರತ್ತಿನ ಮೇರೆಗೆ ಇತರರದನ್ನೂ ಒಯ್ಯುವವರಿಗೆ ಬಿ, ಸ್ವಂತ ಸರಕಿಗಷ್ಟೇ ಸಿ.

ತೊಡಕಿದ್ದದ್ದು ಎ ಮತ್ತು ಬಿ ಪರವಾನಗಿಗಳಲ್ಲಿ. ಇನ್ನೊಂದು ಲಾರಿ ಸೇರಿಸಲು ಅರ್ಜಿ ಹಾಕಿದರೆ ರೈಲ್ವೆಯೂ ಎದುರಾಳಿ ಸಾಗಣೆದಾರರೂ ಆಕ್ಷೇಪ ಎತ್ತಬಹುದಿತ್ತು. ಈಗಿರುವ ವ್ಯವಸ್ಥೆ ಸಾಲದು ಎಂದು ತೋರಿಸಲು ಗಿರಾಕಿಗಳ ಸಾಕ್ಷ್ಯ ಬೇಕಾಗುತ್ತಿತ್ತು. ಎರಡೇ ಲಾರಿ ಇಟ್ಟುಕೊಂಡವನ ಪರವಾಗಿ ಕಾರ್ಖಾನೆಯ ಮ್ಯಾನೇಜರ್ ವಿಚಾರಣೆಗೆ ಬಂದು ಮಾತನಾಡಬೇಕು! ಇಬ್ಬರ ನಡುವಿನ ನಂಟು ಎಷ್ಟು ಗಟ್ಟಿಯಿರಬೇಕಿತ್ತು ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಈ ತಾಪತ್ರಯವಿಲ್ಲದ ದಾರಿಯೊಂದಿತ್ತು: ಗುತ್ತಿಗೆಯ ಎ ಪರವಾನಗಿ. ಕನಿಷ್ಠ ಒಂದು ವರ್ಷ ಒಬ್ಬನೇ ಗಿರಾಕಿಯ ಸರಕು ಸಾಗಿಸುವ ಕರಾರಿದ್ದರೆ ಆಕ್ಷೇಪಕ್ಕೆ ಎಡೆಯಿರಲಿಲ್ಲ. ಲಾರಿ, ಚಾಲಕ, ರಿಪೇರಿ ಎಲ್ಲ ಸಾಗಣೆದಾರನದು; ಬಣ್ಣ ಮತ್ತು ಹೆಸರು ಕಾರ್ಖಾನೆಯದು. ಕೆಲಸ ಖಾತ್ರಿಯೇನೋ ಹೌದು, ಆದರೆ ಇಟ್ಟಿಗೆ ಇಳಿಸಿದ ಮೇಲೆ ಎದುರಿಗೇ ಬೇರೆಯವರ ಸರಕು ಕಾದಿದ್ದರೂ ತುಂಬಿಕೊಳ್ಳುವಂತಿರಲಿಲ್ಲ, ಬರಿದಾಗಿಯೇ ಮರಳಬೇಕು. ಕಾರ್ಖಾನೆ ಸೊರಗಿದರೆ ಲಾರಿಯವನ ಕಥೆಯೂ ಮುಗಿದಂತೆ. ಇತಿಹಾಸ ಬರೆಯುವವರು ಕಾರ್ಖಾನೆಯ ಹೆಸರನ್ನಷ್ಟೇ ದಾಖಲಿಸಿ ಈತನನ್ನು ಬಿಟ್ಟುಬಿಡುವುದು ನನಗೆ ನಿಜಕ್ಕೂ ಬೇಸರ ತರುತ್ತದೆ.

1947ರ ಕಾಯ್ದೆಯಿಂದ ದೂರದ ಸಾಗಣೆ ರಾಷ್ಟ್ರೀಕರಣವಾಯಿತು. ಉಳಿದ ಖಾಸಗಿ ಬಾಡಿಗೆ ಲಾರಿಗಳು ವಿಶೇಷ ಅನುಮತಿ ಇಲ್ಲದೆ ನೆಲೆಯಿಂದ 25 ಮೈಲಿ ದಾಟುವಂತಿರಲಿಲ್ಲ. ಸಿ ಪರವಾನಗಿಗೆ ಆ ಮಿತಿ ಇಲ್ಲದ್ದರಿಂದ ಅನೇಕ ಕಾರ್ಖಾನೆಗಳು ಸ್ವಂತ ಲಾರಿಗಳನ್ನೇ ಕೊಂಡವು. 1953ರ ಕಾಯ್ದೆ ಖಾಸಗಿಯವರಿಗೆ ಮತ್ತೆ ದಾರಿ ಬಿಟ್ಟಿತು. ಎ-ಬಿ-ಸಿ ಪದ್ಧತಿ ಕೊನೆಗೊಂಡದ್ದು 1968ರ ಕಾಯ್ದೆಯಿಂದ.

ನಿಮ್ಮ ಚಿತ್ರ ಸ್ಪಷ್ಟವಾಗಿದ್ದರೆ ಮುಂಗಾಜಿನ ಮೇಲಿನ ಪರವಾನಗಿ ಬಿಲ್ಲೆಯನ್ನು ಹಿಗ್ಗಿಸಿ ನೋಡಿ. ಅದರಲ್ಲಿ ಸಿ ಇದ್ದರೆ ನನ್ನ ಊಹೆ ತಪ್ಪು, ಲಾರಿ ಇಟ್ಟಿಗೆ ಕಾರ್ಖಾನೆಯ ಹೆಸರಲ್ಲಿಯೇ ಓಡುತ್ತಿತ್ತು.