ರೀಲು ಕ್ಯಾಮೆರಾ ಪ್ರಶ್ನೋತ್ತರ: ಬ್ಯಾಡಗಿಯ ಕೆಂಪು, ಹುಬ್ಬಳ್ಳಿಯ ಬಿಸಿನೀರು

ಪ್ರಶ್ನೆ: ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಇಲ್‌ಫರ್ಡ್ ಎಚ್‌ಪಿ5 ಪ್ಲಸ್ ಕಪ್ಪು-ಬಿಳುಪು ಫಿಲ್ಮ್ ಹಾಕಿ ಒಂದು ರೋಲ್ ಮುಗಿಸಿದೆ. ಕೆಂಪು ರಾಶಿಯೂ ಅದರ ಪಕ್ಕ ಕೂತು ಕಾಯಿ ಆರಿಸುವವರ ಹಸಿರು ಸೀರೆಯೂ ಒಂದೇ ಬೂದು ಬಣ್ಣಕ್ಕೆ ಬಂದಿವೆ. ಬೇರೆ ಯಾವ ಫಿಲ್ಮ್ ಹಾಕಲಿ?
— ಬ್ಯಾಡಗಿಯ ಓದುಗರು

ಉತ್ತರ: ಫಿಲ್ಮ್ ಬದಲಿಸುವ ಮೊದಲು ಲೆನ್ಸಿಗೆ ಒಂದು ಫಿಲ್ಟರ್ ಹಾಕಿ ನೋಡಿ. ಎಚ್‌ಪಿ5 ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್. ಕೆಂಪು, ಹಸಿರು, ನೀಲಿ ಮೂರೂ ಅದಕ್ಕೆ ತಾಗುತ್ತವೆ. ಆದರೆ ಅದು ಬಣ್ಣವನ್ನು ಗುರುತಿಸುವುದಿಲ್ಲ, ಬೆಳಕು ಎಷ್ಟು ಬಂತು ಎಂಬುದನ್ನಷ್ಟೇ ದಾಖಲಿಸುತ್ತದೆ. ಕಾಯಿಯೂ ಸೀರೆಯೂ ಹೆಚ್ಚುಕಡಿಮೆ ಒಂದೇ ಪ್ರಮಾಣದ ಬೆಳಕು ಮರಳಿಸಿದರೆ ಬೂದು ಒಂದೇ ಆಗುತ್ತದೆ. ಇದು ಫಿಲ್ಮಿನ ದೋಷವಲ್ಲ.

ಹಳದಿ-ಹಸಿರು ಫಿಲ್ಟರ್, ಅಂದರೆ 11ನೇ ನಂಬರಿನದು, ಕೆಂಪನ್ನು ತಡೆಯುತ್ತದೆ. ಕಾಯಿ ಕಪ್ಪಿಗೆ ಇಳಿಯುತ್ತದೆ, ಸೀರೆ ತಿಳಿಯಾಗುತ್ತದೆ. ಬ್ಯಾಡಗಿ ಕಡ್ಡಿ ತಳಿಯ ಕಾಯಿಯ ಅಂದವೇ ಅದರ ಸುಕ್ಕು. ಮೈ ಕಪ್ಪಾದಾಗ ಆ ಸುಕ್ಕಿನ ಏಣುಗಳ ಮೇಲೆ ಬಿದ್ದ ಬಿಸಿಲು ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ, ಒಂದೊಂದು ಕಾಯಿಯೂ ಬಿಡಿಬಿಡಿಯಾಗುತ್ತದೆ. 25ನೇ ನಂಬರಿನ ಕೆಂಪು ಫಿಲ್ಟರ್ ಹಾಕಿದರೆ ಇದಕ್ಕೆ ತದ್ವಿರುದ್ಧ: ಆಕಾಶ ಕಪ್ಪಾಗುತ್ತದೆ, ರಾಶಿ ಒಣಹುಲ್ಲಿನ ಬಣವೆಯ ಹಾಗೆ ಬೆಳ್ಳಗೆ ಬರುತ್ತದೆ. ಮೆಣಸಿನಕಾಯಿಗೆ ಅದು ಬೇಡವೇ ಬೇಡ.

ಫಿಲ್ಟರ್ ಬೆಳಕನ್ನು ತಿನ್ನುತ್ತದೆ. 11ನೇ ನಂಬರಿಗೆ 2 ಸ್ಟಾಪ್, 25ನೇ ನಂಬರಿಗೆ 3 ಸ್ಟಾಪ್ ಹೆಚ್ಚು ಕೊಡಬೇಕು (ಒಂದೊಂದು ಸ್ಟಾಪಿಗೂ ಬೆಳಕು ಇಮ್ಮಡಿ). ನಡುಹಗಲ ಬಯಲಿನಲ್ಲಿ ಎಫ್‌ಪಿ4 ಪ್ಲಸ್ ಫಿಲ್ಮ್ (ಬೆಳಕು ಹಿಡಿಯುವ ವೇಗ 125) ಹಾಕಿದಾಗ ಲೆನ್ಸಿನ ಕಿಂಡಿ ಎಫ್/16, ಷಟರ್ 1/125 ಸೆಕೆಂಡ್ ಸಾಕು. ಹಸಿರು ಫಿಲ್ಟರ್ ಇದ್ದರೆ ಎಫ್/8, 1/125. ಬೆಳಕು ಅಳೆಯುವ ಮೀಟರನ್ನು ನೇರವಾಗಿ ರಾಶಿಗೆ ಹಿಡಿಯಬೇಡಿ. ಆ ಕಡುಗೆಂಪನ್ನು ಕತ್ತಲೆಯೆಂದು ತಿಳಿದು ಅದು ಬೆಳಕು ಹೆಚ್ಚು ಕೊಡಿಸುತ್ತದೆ. ಅದೇ ಬಿಸಿಲಿನಲ್ಲಿ ಅಂಗೈ ಹಿಡಿದು ಅಳೆದು, ಒಂದು ಸ್ಟಾಪ್ ತೆರೆಯಿರಿ.

ಫಿಲ್ಮನ್ನೇ ಬದಲಿಸುವ ಆಸೆ ಇದ್ದರೆ ಇಲ್‌ಫರ್ಡ್ ಆರ್ಥೊ ಪ್ಲಸ್ (ವೇಗ 80) ತರಿಸಿ. ಅದಕ್ಕೆ ಕೆಂಪು ಕಾಣುವುದೇ ಇಲ್ಲ, ಫಿಲ್ಟರ್ ಇಲ್ಲದೆಯೇ ಕಾಯಿ ಕಪ್ಪಾಗುತ್ತದೆ. ಆದರೆ ಮನುಷ್ಯರ ತುಟಿ, ಮುಖದ ಕಲೆ, ಬಿಸಿಲಿಗೆ ಕಂದಿದ ಚರ್ಮ ಎಲ್ಲವೂ ಕಪ್ಪಾಗುತ್ತವೆ. ಮುಖ ಮುಖ್ಯವಾದ ಚಿತ್ರಕ್ಕೆ ನಮ್ಮ ಆಯ್ಕೆ ಎಚ್‌ಪಿ5 ಮತ್ತು ಹಸಿರು ಫಿಲ್ಟರ್.

ಪ್ರಶ್ನೆ: ಮೇ ತಿಂಗಳಲ್ಲಿ ಮನೆಯಲ್ಲೇ ಫಿಲ್ಮ್ ತೊಳೆದೆ. ಡೆವಲಪರಿಗೆ (ಚಿತ್ರ ಮೂಡಿಸುವ ದ್ರಾವಣಕ್ಕೆ) ಮಂಜುಗಡ್ಡೆ ಇಟ್ಟು 20 ಡಿಗ್ರಿಗೆ ತಂದಿದ್ದೆ. ಆದರೂ ನೆಗೆಟಿವ್ ತುಂಬ, ಬೇಸಿಗೆಯ ಎರೆಹೊಲ ಬಿರಿದ ಹಾಗೆ, ಸಣ್ಣ ಸಣ್ಣ ಬಿರುಕು. ಫಿಲ್ಮ್ ಹಳೆಯದೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಫಿಲ್ಮ್ ಚೆನ್ನಾಗಿಯೇ ಇತ್ತು. ಡೆವಲಪರ್ 20 ಡಿಗ್ರಿ ಇತ್ತು, ನಂತರ ಸುರಿದ ನೀರು? ಮೇ ತಿಂಗಳಲ್ಲಿ ಮಾಳಿಗೆಯ ಮೇಲಿನ ಟ್ಯಾಂಕಿನ ನೀರು 30 ಡಿಗ್ರಿ ಸುಲಭವಾಗಿ ದಾಟುತ್ತದೆ. ಫಿಲ್ಮಿನ ಮೇಲಿರುವುದು ಜೆಲಟಿನ್ ಪದರ. ತಣ್ಣಗಿದ್ದದ್ದು ಥಟ್ಟನೆ ಬಿಸಿಗೆ ಬಿದ್ದು ಉಬ್ಬಿ, ಮತ್ತೆ ತಣ್ಣನೆಯ ಫಿಕ್ಸರಿಗೆ (ಮೂಡಿದ ಚಿತ್ರವನ್ನು ಉಳಿಸುವ ದ್ರಾವಣಕ್ಕೆ) ಬಿದ್ದು ಕುಗ್ಗಿದರೆ ಹೀಗೆ ಸುಕ್ಕುಗಟ್ಟುತ್ತದೆ. ಇದಕ್ಕೆ ರೆಟಿಕ್ಯುಲೇಶನ್ ಎನ್ನುತ್ತಾರೆ. ಒಮ್ಮೆ ಆದರೆ ಸರಿಪಡಿಸಲು ಬರುವುದಿಲ್ಲ.

ನಮ್ಮ ಊರಿನ ಬೇಸಿಗೆಯಲ್ಲಿ 20 ಡಿಗ್ರಿಯ ಹಟ ಬಿಡಿ. ಎಲ್ಲವೂ 24 ಡಿಗ್ರಿಯಲ್ಲಿರಲಿ, ಆದರೆ ಎಲ್ಲವೂ. ಮಣ್ಣಿನ ಹರವಿಯಲ್ಲಿ ರಾತ್ರಿಯಿಡೀ ಇಟ್ಟ ನೀರು ಬೆಳಗಿನ ಜಾವಕ್ಕೆ ಈ ಆಸುಪಾಸಿಗೆ ಇಳಿದಿರುತ್ತದೆ. ಅಗಲ ಬುಟ್ಟಿಗೆ ಆ ನೀರು ಸುರಿದು ಡೆವಲಪರ್, ಫಿಕ್ಸರ್, ತೊಳೆಯುವ ನೀರಿನ ಬಾಟಲಿ ಮೂರನ್ನೂ ಅರ್ಧ ಗಂಟೆ ಅದರಲ್ಲಿ ನಿಲ್ಲಿಸಿ. ಥರ್ಮಾಮೀಟರನ್ನು ಒಂದೊಂದು ಬಾಟಲಿಗೂ ಅದ್ದಿ ನೋಡಿ. ಒಂದರಿಂದ ಇನ್ನೊಂದಕ್ಕೆ 2 ಡಿಗ್ರಿಗಿಂತ ಹೆಚ್ಚು ಅಂತರ ಬೇಡ.

ಬಿಸಿ ಹೆಚ್ಚಿದರೆ ಕಾಲ ಕಡಿಮೆ ಮಾಡಬೇಕು: ಒಂದು ಡಿಗ್ರಿಗೆ ಸುಮಾರು ಹತ್ತನೇ ಒಂದು ಪಾಲು. ಡಿ-76 ಎಂಬ ಡೆವಲಪರನ್ನು ನೀರು ಬೆರೆಸದೆ ಹಾಗೆಯೇ ಬಳಸಿದರೆ ಎಚ್‌ಪಿ5ಗೆ 20 ಡಿಗ್ರಿಯಲ್ಲಿ ಏಳೂವರೆ ನಿಮಿಷ. 24ರಲ್ಲಿ ಅದು ಐದು ನಿಮಿಷದ ಹತ್ತಿರ ಬರುತ್ತದೆ. ಐದಕ್ಕಿಂತ ಕಡಿಮೆಯಾದರೆ ಡೆವಲಪರ್ ಸಮನಾಗಿ ಹರಡುವ ಮೊದಲೇ ಕಾಲ ಮುಗಿದು, ಆಕಾಶದಲ್ಲಿ ಪಟ್ಟೆ ಬೀಳುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಒಂದಕ್ಕೊಂದು ಪಾಲು ನೀರು ಬೆರೆಸಿ: 300 ಮಿಲಿ ಟ್ಯಾಂಕಿಗೆ 150 ಡೆವಲಪರ್, 150 ನೀರು. ಆಗ 20 ಡಿಗ್ರಿಗೆ 11 ನಿಮಿಷ, 24ಕ್ಕೆ ಏಳೂವರೆಯಿಂದ ಎಂಟು. ಬಳಸಿದ್ದನ್ನು ಚೆಲ್ಲಿ, ಬೆರೆಸಿದ ಡೆವಲಪರ್ ಇಟ್ಟುಕೊಳ್ಳುವುದಕ್ಕಲ್ಲ.

ಪಾಕೀಟು ಸಿಗದಿದ್ದರೆ ಡಿ-76 ಮನೆಯಲ್ಲೇ ಆಗುತ್ತದೆ. 50 ಡಿಗ್ರಿಯ 750 ಮಿಲಿ ನೀರಿಗೆ ಚಿಟಿಕೆ ಸಲ್ಫೈಟ್, ನಂತರ ಮೆಟಾಲ್ 2 ಗ್ರಾಂ, ಅದು ಪೂರ್ತಿ ಕರಗಿದ ಮೇಲೆ ನೀರಿನಂಶವಿಲ್ಲದ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೊರಾಕ್ಸ್ 2 ಗ್ರಾಂ. ತಣ್ಣೀರು ಸೇರಿಸಿ 1 ಲೀಟರ್ ಮಾಡಿ. ಸಲ್ಫೈಟೆಲ್ಲ ಮೊದಲೇ ಬಿದ್ದರೆ ಮೆಟಾಲ್ ಕರಗದೆ ಕೂರುತ್ತದೆ. ಅಂಗಡಿಯಲ್ಲಿ ಸಲ್ಫೈಟ್ ಬದಲು ಸಲ್ಫೇಟ್ ಕೊಟ್ಟಾರು, ಚೀಟಿ ಓದಿ ಕೊಳ್ಳಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ, ಕೈಗವಸು ಇರಲಿ.

ಕೊನೆಯ ತೊಳೆತಕ್ಕೆ ನಳ ಬಿಟ್ಟುಕೊಂಡು ಕೂರಬೇಕಿಲ್ಲ. ಫಿಕ್ಸರಿನಲ್ಲಿ ಜೆಲಟಿನ್ ಗಟ್ಟಿಮಾಡುವ ರಾಸಾಯನಿಕ ಇಲ್ಲದಿದ್ದರೆ ಟ್ಯಾಂಕಿಗೆ ನೀರು ತುಂಬಿ 5 ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ ತುಂಬಿ 20 ಸಲ. ಒಂದು ಲೀಟರಿನೊಳಗೆ ಮುಗಿಯುತ್ತದೆ. ನಳಕ್ಕೆ ದಿನ ಬಿಟ್ಟು ನೀರು ಬರುವ ಓಣಿಯಲ್ಲಿ ಇದು ದೊಡ್ಡ ಅನುಕೂಲ.

ಪ್ರಶ್ನೆ: ಒಣಗಿದ ನೆಗೆಟಿವ್ ಮೇಲೆ ಬಿಳಿ ಉಂಗುರದ ಕಲೆ. ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತಿದೆ.
— ಗದಗಿನ ಓದುಗರು

ಉತ್ತರ: ಬೋರ್‌ವೆಲ್ಲಿನ ಗಡಸು ನೀರಿನ ಸುಣ್ಣ. ಒರೆಸಬೇಡಿ. ಗ್ಯಾರೇಜಿನಲ್ಲಿ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಹತ್ತು ನಿಮಿಷ ಮತ್ತೆ ನೆನೆಸಿ ತೂಗುಹಾಕಿ. ಮುಂದೆ ಡೆವಲಪರ್ ಕಲಸುವುದಕ್ಕೂ ಕೊನೆಯ ಅದ್ದುವಿಕೆಗೂ ಇದೇ ನೀರು ಬಳಸಿ. ನಡುವಿನದಕ್ಕೆಲ್ಲ ಬೋರಿನ ನೀರು ನಡೆಯುತ್ತದೆ.

ಪ್ರಶ್ನೆ: ಲಕ್ಕುಂಡಿಯ ಗುಡಿಯ ಒಳಗಿನ ಕಂಬಗಳನ್ನು ಎರಡು ಫಿಲ್ಮಿನಲ್ಲಿ ತೆಗೆದೆ. ಮೀಟರ್ ಹೇಳಿದಂತೆ ಎಚ್‌ಪಿ5ಗೆ 4 ಸೆಕೆಂಡ್, ಫೋಮಾಪ್ಯಾನ್ 100ಕ್ಕೆ 16 ಸೆಕೆಂಡ್. ಎಚ್‌ಪಿ5 ಪರವಾಗಿಲ್ಲ, ಫೋಮಾ ಬಹುತೇಕ ಖಾಲಿ. ಕಳಪೆ ಫಿಲ್ಮೇ?
— ಗದಗಿನ ಇನ್ನೊಬ್ಬ ಓದುಗರು

ಉತ್ತರ: ಕಳಪೆಯಲ್ಲ, ಅದರ ಸ್ವಭಾವ ಬೇರೆ. ಬೆಳಕು ಬಹಳ ಕ್ಷೀಣವಾಗಿ ನಿಧಾನಕ್ಕೆ ಬಿದ್ದಾಗ ಯಾವ ಫಿಲ್ಮೂ ತನ್ನ ವೇಗ ಕಳೆದುಕೊಳ್ಳುತ್ತದೆ. ಎಷ್ಟು ಎಂಬುದು ಒಂದೊಂದಕ್ಕೆ ಒಂದೊಂದು. ಎಚ್‌ಪಿ5ಗೆ ಮೀಟರ್ 4 ಸೆಕೆಂಡ್ ಎಂದರೆ 6 ಕೊಡಬೇಕು, 10 ಎಂದರೆ 20. ನಿಮಗೆ ಅರ್ಧ ಸ್ಟಾಪಿನಷ್ಟು ಕೊರತೆ ಬಿತ್ತು, ಫಿಲ್ಮ್ ತಾಳಿಕೊಂಡಿತು. ಫೋಮಾ ಕಂಪನಿ ತನ್ನ 100ಕ್ಕೆ ಕೊಟ್ಟಿರುವ ಲೆಕ್ಕ ಇದು: 1 ಸೆಕೆಂಡಿಗೆ ಎರಡು ಪಟ್ಟು, 10ಕ್ಕೆ ಎಂಟು ಪಟ್ಟು, 100ಕ್ಕೆ ಹದಿನಾರು ಪಟ್ಟು. ಅಂದರೆ ನಿಮ್ಮ 16 ಸೆಕೆಂಡು ಎರಡೂವರೆ ನಿಮಿಷದ ಹತ್ತಿರ ಹೋಗಬೇಕಿತ್ತು. ಮೂರು ಸ್ಟಾಪ್ ಮೀರಿದ ಕೊರತೆ. ಕಪ್ಪು ಕಂಬಗಳಲ್ಲಿ ಏನೂ ಉಳಿಯುವುದಿಲ್ಲ.

ಲಕ್ಕುಂಡಿಯ ಕಂಬಗಳು ಕಡೆದು ನುಣುಪು ಮಾಡಿದ ಬಳಪದ ಕಲ್ಲು. ಬಾಗಿಲಿನಿಂದ ಬಂದ ಬೆಳಕು ಅವುಗಳ ಬಳೆಬಳೆಯ ಅಂಚಿನಲ್ಲಿ ಹೊಳೆಯುತ್ತದೆ, ಹಿಂಬದಿ ಕತ್ತಲೆಯಲ್ಲೇ ಇರುತ್ತದೆ. ಕತ್ತಲೆಗೆ ಸಾಕಷ್ಟು ಬೆಳಕು ಕೊಟ್ಟು, ಡೆವಲಪ್ ಮಾಡುವ ಕಾಲವನ್ನು ಶೇ 15ರಿಂದ 20ರಷ್ಟು ಇಳಿಸಿ. ಹೊಳಪು ಸುಟ್ಟುಹೋಗದೆ ಉಳಿಯುತ್ತದೆ. ಸಂರಕ್ಷಿತ ಸ್ಮಾರಕದಲ್ಲಿ ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಇಲ್ಲದಿದ್ದರೆ ಅಕ್ಕಿ ತುಂಬಿದ ಚೀಲವನ್ನು ನೆಲಕ್ಕಿಟ್ಟು ಅದರ ಮೇಲೆ ಕ್ಯಾಮೆರಾ ಕೂರಿಸಿ, ಬೀಗ ಹಾಕಬಹುದಾದ ಕೇಬಲ್ ರಿಲೀಸಿನಿಂದ ಷಟರ್ ತೆರೆದಿಡಿ. ಕೆತ್ತನೆಗೆ ಮಾತ್ರ ಆನಿಸಬೇಡಿ.

ಪ್ರಶ್ನೆ: ಯಾಶಿಕಾ ಮ್ಯಾಟ್ 124ಜಿ ಮೀಟರ್ ನೋಡಿ ತೆಗೆದದ್ದೆಲ್ಲ ತೆಳು ನೆಗೆಟಿವ್. ಸೆಲ್ ಹೊಸದು.
— ಹಾವೇರಿಯ ಓದುಗರು

ಉತ್ತರ: ಸೆಲ್ ಹೊಸದಾದದ್ದೇ ಕಾರಣ ಇರಬಹುದು. ಆ ಮೀಟರನ್ನು 1.35 ವೋಲ್ಟಿನ ಪಾದರಸದ ಸೆಲ್ಲಿಗೆ ಹೊಂದಿಸಲಾಗಿತ್ತು. ಈಗಿನ ಅಲ್ಕಲೈನ್ 1.5 ವೋಲ್ಟ್. ಮುಳ್ಳು ಹೆಚ್ಚು ಏರುತ್ತದೆ, ನೀವು ಬೆಳಕು ಕಡಿಮೆ ಕೊಡುತ್ತೀರಿ. ಔಷಧ ಅಂಗಡಿಯಲ್ಲಿ ಶ್ರವಣ ಯಂತ್ರದ 675 ನಂಬರಿನ ಸೆಲ್ ಕೇಳಿ (1.4 ವೋಲ್ಟ್), ಸುತ್ತ ರಬ್ಬರ್ ಉಂಗುರ ಹಾಕಿ ಬಿಗಿಮಾಡಿ. ಗಾಳಿಯಿಂದ ನಡೆಯುವ ಸೆಲ್ ಆದ್ದರಿಂದ ಸ್ಟಿಕ್ಕರ್ ಕಿತ್ತ ಮೇಲೆ ಎರಡು ತಿಂಗಳ ಆಸುಪಾಸಿನಲ್ಲಿ ಒಣಗುತ್ತದೆ. ಆಮೇಲೂ ತೆಳುವೇ ಬಂದರೆ ಮೀಟರ್ ಮುದಿಯಾಗಿದೆ, ಕೈಮೀಟರ್ ನಂಬಿ.

ಪ್ರಶ್ನೆ: ಕಪಾಟಿನಲ್ಲಿ ಅಗ್ಫಾ ಕ್ಲಿಕ್ 3 ಡಬ್ಬಿ ಕ್ಯಾಮೆರಾ, ಜೊತೆಗೆ ಒಡೆಯದ ಎರಡು ‘ಇಂದು’ 120 ರೋಲ್ ಸಿಕ್ಕಿವೆ. ಬಳಸಬಹುದೇ?
— ಧಾರವಾಡದ ಓದುಗರು

ಉತ್ತರ: ಬಳಸಿ, ಆದರೆ ಮದುವೆ ಮುಂಜಿಗಲ್ಲ. ‘ಇಂದು’ ಉದಕಮಂಡಲದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ ಕಪ್ಪು-ಬಿಳುಪು ಫಿಲ್ಮ್. ಕಾರ್ಖಾನೆ ಮುಚ್ಚಿದೆ, ಹೊಸದು ಬರುವುದಿಲ್ಲ. ಹಳೆಯ ಫಿಲ್ಮ್ ವೇಗ ಕಳೆದುಕೊಂಡಿರುತ್ತದೆ, ಮಂಜು ಮುಸುಕಿದಂತೆ ಮಸುಕು ಹಿಡಿದಿರುತ್ತದೆ. ಎರಡು ಸ್ಟಾಪ್ ಹೆಚ್ಚು ಬೆಳಕು ಬೇಕು. ಇಲ್ಲಿ ಈ ಡಬ್ಬಿ ಕ್ಯಾಮೆರಾವೇ ಅನುಕೂಲಕ್ಕೆ ಬರುತ್ತದೆ: ಅದರ ಒಂದೇ ವೇಗದ ನಿಧಾನ ಷಟರ್ ಪೂರ್ಣ ಬಿಸಿಲಿನಲ್ಲಿ ಹೇಗೂ ಬೆಳಕು ಹೆಚ್ಚೇ ಕೊಡುತ್ತದೆ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ, ಬಯಲಿನಲ್ಲಿ ತೆಗೆಯಿರಿ. ಷಟರ್ ಒತ್ತುವಾಗ ಡಬ್ಬಿಯನ್ನು ಎದೆಗೆ ಅವಚಿಕೊಳ್ಳಿ, ನಿಧಾನ ಷಟರಿಗೆ ಕೈ ಅಲುಗಿದ್ದು ಕಾಣುತ್ತದೆ.

ಹಿಂಬದಿಯ ಕೆಂಪು ಕಿಂಡಿಗೆ ಕಪ್ಪು ಟೇಪು ಅಂಟಿಸಿ, ರೋಲ್ ತಿರುಗಿಸುವಾಗ ಮಾತ್ರ ನೆರಳಿನಲ್ಲಿ ತೆಗೆದು ನಂಬರ್ ನೋಡಿ. ಕೆಂಪು ಕಾಣದ ಫಿಲ್ಮುಗಳ ಕಾಲಕ್ಕೆ ಆ ಕಿಂಡಿ ಸುರಕ್ಷಿತವಾಗಿತ್ತು. ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿಗೆ ಅಲ್ಲಿಂದಲೇ ಬೆಳಕು ನುಗ್ಗುತ್ತದೆ. ಹಳೆಯ ಫಿಲ್ಮ್ ಸುರುಳಿಗಟ್ಟಿ ಬಿರುಸಾಗಿರುತ್ತದೆ, ಮೆಲ್ಲಗೆ ತಿರುಗಿಸಿ. ಡೆವಲಪರಿನ ಲೀಟರಿಗೆ 1 ಗ್ರಾಂ ಪೊಟ್ಯಾಸಿಯಂ ಬ್ರೋಮೈಡ್ ಸೇರಿಸಿದರೆ ಮಸುಕು ಸ್ವಲ್ಪ ತಗ್ಗುತ್ತದೆ. ಮೊದಲ ರೋಲ್ ಪೂರ್ತಿ ತೊಳೆದು ನೋಡಿದ ಮೇಲೆಯೇ ಎರಡನೆಯದನ್ನು ಕ್ಯಾಮೆರಾಕ್ಕೆ ಹಾಕಿ. ಚಿತ್ರದ ಮೇಲೆ ಹಿಂಬದಿ ಕಾಗದದ ಅಂಕಿ, ಚುಕ್ಕೆ ಮೂಡಿದ್ದರೆ ಅದು ತೇವದಿಂದ ಆದದ್ದು. ಎರಡನೆಯ ರೋಲಿನಲ್ಲೂ ಅದು ಇರಬಹುದು.